ಸಮಕ್ಕೆ ಕಾಯುವ ಮನಸ್ಸು

ಪ್ರೇಮವೊಂದು ಮುಗಿದ ಮೇಲೆ ನೊಂದವರು ಹಾಡಿನ ಕಡೆಗೆ ತಿರುಗುತ್ತಾರೆಂಬುದು ಎಲ್ಲರೂ ಬಲ್ಲ ಸಂಗತಿಯಾದರೂ, ಹಾಗೆ ತಿರುಗಿದವರಿಗೆ ಅಲ್ಲಿ ದೊರೆಯುವುದೇನೆಂಬುದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಪೂರ್ತಿಯಾಗಿ ಒಪ್ಪುವಂಥದ್ದಲ್ಲ. ಹಾಡು ತಮ್ಮದೇ ಕಥೆಯನ್ನು ಹೇಳುತ್ತಿದೆಯೆಂದು ಅವರಿಗೆ ತೋರುತ್ತದೆ, ತಮ್ಮಂತೆ ನೊಂದವರು ಲೋಕದಲ್ಲಿ ಬೇರೆಯವರೂ ಇದ್ದಾರೆಂದು ತಿಳಿದು ಎದೆಯ ಭಾರ ಇಳಿಯುತ್ತದೆ ಎಂಬುದೇ ಆ ವಿವರಣೆ. ಇದು ಸುಳ್ಳಲ್ಲ, ಆದರೆ ಇಷ್ಟನ್ನು ಕಾದಂಬರಿಯೂ ಮಾಡಬಲ್ಲದು, ನಾಟಕವೂ ಮಾಡಬಲ್ಲದು, ಕಷ್ಟಸುಖ ಬಲ್ಲ ಗೆಳೆಯನೊಬ್ಬನ ಮಾತೂ ಮಾಡಬಲ್ಲದು. ಹುಬ್ಬಳ್ಳಿ-ಧಾರವಾಡದ ಕಡೆಯ ಕೇಳುಗರು ವ್ರಜಭಾಷೆಯ ಬಂದಿಶ್‌ನ, ಅಂದರೆ ರಾಗತಾಳಗಳಲ್ಲಿ ಕಟ್ಟಿದ ಎರಡು ನಾಲ್ಕು ಸಾಲುಗಳ ಹಾಡಿನ, ಶಬ್ದಾರ್ಥವನ್ನು ಹೆಚ್ಚು ವಿಚಾರಿಸದೆಯೇ ತಲೆದೂಗುತ್ತ ಬಂದಿರುವುದನ್ನೂ, ಮೈಸೂರಿನ ಕಡೆಯ ಕೇಳುಗರು ಕ್ಷೇತ್ರಯ್ಯನ ತೆಲುಗು ಪದಗಳಿಗೆ ಹಾಗೆಯೇ ಕಿವಿಗೊಟ್ಟಿರುವುದನ್ನೂ ನೆನೆದರೆ, ಈ ಸಾಂತ್ವನದ ಬೇರು ಕಥೆಯಲ್ಲಿಲ್ಲ, ಬೇರೆಲ್ಲೋ ಇದೆ ಎಂಬ ಅನುಮಾನ ಏಳುತ್ತದೆ.

ಮೊದಲು ಈ ನೋವಿನ ಸಾಮಾಜಿಕ ಸ್ಥಿತಿಯನ್ನು ಗಮನಿಸಬೇಕು. ಸಾವಿಗೆ ಶಾಸ್ತ್ರಗಳಿವೆ: ಸೂತಕವಿದೆ, ತಿಥಿಯಿದೆ, ಮಾತಾಡಿಸಿಕೊಂಡು ಹೋಗಲು ಬರುವ ನೆಂಟರಿದ್ದಾರೆ, ಇಷ್ಟು ದಿನ ಅಳಬಹುದು ಎಂಬ ಅನುಮತಿಯಿದೆ, ಇನ್ನು ಸಾಕು ಎಂಬ ಅಪ್ಪಣೆಯೂ ಇದೆ. ಮದುವೆ ಮುರಿದರೂ ಹಿರಿಯರು ಕೂತು ನ್ಯಾಯ ಹೇಳುವುದು, ವಕೀಲರು, ಕೋರ್ಟಿನ ತಾರೀಖುಗಳು ಎಂದು ಒಂದಲ್ಲ ಒಂದು ವಿಧಿವಿಧಾನ ಅದರ ಸುತ್ತ ಏರ್ಪಡುತ್ತದೆ. ಮದುವೆಯವರೆಗೆ ಬಾರದೆ ಮುಗಿದ ಪ್ರೇಮಕ್ಕೆ ಇವೊಂದೂ ಇಲ್ಲ. ಅನೇಕ ಸಲ ಅಂಥದೊಂದು ಇತ್ತೆಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ; ಗೊತ್ತಿದ್ದ ಮನೆಗಳಲ್ಲಿ ಅದು ಮುರಿದದ್ದು, ಜಾತಿಯ ಕಾರಣಕ್ಕೋ ಜಾತಕದ ಕಾರಣಕ್ಕೋ, ನೆಮ್ಮದಿಯ ಸುದ್ದಿಯಾಗಿಯೇ ಬರುತ್ತದೆ. ಹೀಗಾಗಿ ಶೋಕದಲ್ಲಿರುವ ವ್ಯಕ್ತಿ ಮಾರನೆಯ ಬೆಳಿಗ್ಗೆ ಎಂದಿನಂತೆ ತಿಂಡಿ ತಿಂದು ಬಸ್ಸು ಹತ್ತಿ ಕೆಲಸಕ್ಕೆ ಹೋಗಬೇಕಾಗುತ್ತದೆ, ಯಾರಾದರೂ ಕೇಳಿದರೆ ನಿದ್ದೆ ಸಾಲದು ಎನ್ನಬೇಕಾಗುತ್ತದೆ. ಕರ್ಮಾಂತರಗಳಿಲ್ಲದ ಈ ಶೋಕಕ್ಕೆ ರೇಡಿಯೊ, ಆಮೇಲೆ ಕ್ಯಾಸೆಟ್, ಈಗ ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನು ಪುರೋಹಿತರ ಕೆಲಸ ಮಾಡುತ್ತ ಬಂದಿವೆಯೆಂದರೆ ಅದರಲ್ಲಿ ಅರ್ಧ ತಮಾಷೆಯಿದ್ದರೂ ಅರ್ಧ ನಿಜವಿದೆ.

ಭಾರತೀಯ ಕಾವ್ಯಮೀಮಾಂಸೆ ವಿರಹದ ಬಗ್ಗೆ ಬಹಳ ಯೋಚಿಸಿದೆ, ಆದರೆ ಈ ನಿರ್ದಿಷ್ಟ ನೋವಿಗೆ ಅದು ಜಾಗ ಮಾಡಿಕೊಟ್ಟಿಲ್ಲ ಎಂಬುದು ಆಶ್ಚರ್ಯದ ಮಾತು. ಶೃಂಗಾರವನ್ನು ಕೂಡಿರುವ ಸುಖದ ಸಂಭೋಗವೆಂದೂ ಅಗಲಿಕೆಯ ವಿಪ್ರಲಂಭವೆಂದೂ ಎರಡಾಗಿ ವಿಂಗಡಿಸಿದ ಭರತನ ನಾಟ್ಯಶಾಸ್ತ್ರ, ತನ್ನ ಆರನೆಯ ಅಧ್ಯಾಯದಲ್ಲಿ ಒಂದು ಸೂಕ್ಷ್ಮವಾದ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ: ವಿಪ್ರಲಂಭದಲ್ಲೂ ಕಣ್ಣೀರು, ನಿಟ್ಟುಸಿರು, ಬಳಲಿಕೆಗಳಿರುವಾಗ ಅದಕ್ಕೂ ಕರುಣರಸಕ್ಕೂ ವ್ಯತ್ಯಾಸವೇನು? ಕರುಣ ನಿರಪೇಕ್ಷ, ಎಂದರೆ ಮರಳಿ ಕೂಡುವ ಆಸೆಯೇ ಉಳಿಯದ್ದು. ವಿಪ್ರಲಂಭ ಸಾಪೇಕ್ಷ, ಎಂದರೆ ಆಸೆಯ ಎಳೆ ಕಡಿಯದ್ದು ಎಂಬುದು ಅಲ್ಲಿಯ ಉತ್ತರ. ಈ ಗೆರೆ ಎಷ್ಟು ಚೆನ್ನಾಗಿ ಎಳೆದದ್ದೋ ಅಷ್ಟೇ ಸ್ಪಷ್ಟವಾಗಿ, ಮುಗಿದುಹೋದ ಪ್ರೇಮ ಅದರ ಎರಡೂ ಬದಿಗೆ ಸಲ್ಲದೆ ಹೊರಗುಳಿಯುತ್ತದೆ. ಪ್ರೀತಿಸಿದ ವ್ಯಕ್ತಿ ಬದುಕಿರುವುದರಿಂದ, ಅದೂ ಬಹುಶಃ ಅದೇ ಊರಿನ ಬೇರೊಂದು ಬಡಾವಣೆಯಲ್ಲಿ ಸುಖವಾಗಿಯೇ ಇರುವುದರಿಂದ, ಇದು ಕರುಣವಾಗಲಾರದು. ಆಸೆ ಇಲ್ಲದಿರುವುದರಿಂದ ವಿಪ್ರಲಂಭವೂ ಆಗಲಾರದು.

ಶಾಸ್ತ್ರದ ಅಷ್ಟನಾಯಿಕೆಯರನ್ನು, ಅಂದರೆ ಪ್ರಿಯನೊಡನೆ ಇರುವ ಸಂಬಂಧದ ಸ್ಥಿತಿಗೆ ತಕ್ಕಂತೆ ವಿಂಗಡಿಸಿದ ಎಂಟು ಬಗೆಯ ನಾಯಿಕೆಯರನ್ನು ನೋಡಿದರೂ ಇದೇ ಕಾಣುತ್ತದೆ. ಗಂಡ ಪರದೇಶಕ್ಕೆ ಹೋಗಿರುವ ಪ್ರೋಷಿತಭರ್ತೃಕೆ, ಗೊತ್ತುಮಾಡಿದ ಜಾಗಕ್ಕೆ ಪ್ರಿಯ ಬಾರದೆ ವಂಚಿತಳಾದ ವಿಪ್ರಲಬ್ಧೆ, ಜಗಳವಾಡಿ ಕಳಿಸಿ ಆಮೇಲೆ ಪರಿತಪಿಸುವ ಕಲಹಾಂತರಿತೆ, ಬೇರೊಬ್ಬಳ ಮನೆಯಿಂದ ಬೆಳಗಿನ ಜಾವ ಬಂದವನ ಮೇಲೆ ಸಿಡಿಯುವ ಖಂಡಿತೆ, ಇವರೆಲ್ಲರ ಮನೆಯ ಬಾಗಿಲಿಗೂ ಅವನು ಬಂದೇ ಬರುತ್ತಾನೆ, ತಡವಾಗಬಹುದು ಅಷ್ಟೆ. ಇನ್ನು ಬರುವುದಿಲ್ಲ ಎಂದು ಹೇಳಿಯೇ ಹೋದವನ ಹಿಂದೆ ಉಳಿದವಳು ಒಂಬತ್ತನೆಯವಳಾಗಬೇಕಿತ್ತು. ಶಾಸ್ತ್ರಕಾರರು ಅವಳನ್ನು ಎಣಿಸಲಿಲ್ಲ. ಹಿಂದೂಸ್ತಾನಿ ಠುಮ್ರಿಯಾಗಲಿ ಕರ್ನಾಟಕ ಸಂಗೀತದ ಪದ, ಜಾವಳಿಗಳಾಗಲಿ ಬಹುಮಟ್ಟಿಗೆ ಈ ಎಂಟು ನಾಯಿಕೆಯರ ಬಾಯಿಂದಲೇ ಮಾತಾಡುವುದರಿಂದ, ಪ್ರೇಮ ಮುಗಿಸಿಕೊಂಡು ಬಂದು ಕೂತ ಕೇಳುಗರ ಪಾಲಿಗೆ ಆ ಹಾಡು, ಅವರಿಗೆ ಏನೇ ಅನ್ನಿಸಲಿ, ಅವರ ಕಥೆಯಲ್ಲ. ಹಾಡಿನೊಳಗಿನವಳಿಗೆ ಕಾಯಲು ಕಾರಣವಿದೆ, ಇವರಿಗಿಲ್ಲ. ಸಾಂತ್ವನ ಹುಟ್ಟುವುದು ಇಬ್ಬರಿಗೂ ಇರುವ ಹೋಲಿಕೆಯಿಂದಲ್ಲ, ಈ ವ್ಯತ್ಯಾಸದಿಂದ. ಪ್ರೇಮ ಮುಗಿದರೂ ಅದು ಕಲಿಸಿದ ಕಾಯುವ ಅಭ್ಯಾಸ ಮುಗಿಯುವುದಿಲ್ಲ; ಸಂಜೆಯ ಒಂದು ಹೊತ್ತಿಗೆ ಕಿವಿ ತಾನಾಗಿ ನಿಮಿರುತ್ತದೆ, ಫೋನು ಸದ್ದುಮಾಡಿದರೆ ಕೈ ತಾನಾಗಿ ಚಾಚುತ್ತದೆ. ಗುರಿಯಿಲ್ಲದ ಆ ಕಾಯುವಿಕೆಗೆ ಸಂಗೀತ ಸ್ವಲ್ಪ ಹೊತ್ತು ಒಂದು ಗುರಿಯನ್ನು ಒದಗಿಸುತ್ತದೆ.

ಇದಕ್ಕೆ ಕನ್ನಡನಾಡಿಗೆ ಹತ್ತಿರದ ನಿದರ್ಶನವೆಂದರೆ ಕಿರಾನಾ ಘರಾಣೆಯ ಪ್ರವರ್ತಕ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಝಿಂಝೋಟಿ ರಾಗದಲ್ಲಿ ಹಾಡಿದ, ಪ್ರಿಯನಿಲ್ಲದೆ ನೆಮ್ಮದಿಯಿಲ್ಲ ಎಂಬ ಆಶಯದ ಠುಮ್ರಿಯ ಧ್ವನಿಮುದ್ರಿಕೆ. ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿ, ಮೈಸೂರು ಆಸ್ಥಾನಕ್ಕೆ ಬಂದುಹೋಗುತ್ತ, ಕರ್ನಾಟಕ ಸಂಗೀತವನ್ನು ಆಸಕ್ತಿಯಿಂದ ಕೇಳಿ ಕಲಿತು, ಕೊನೆಗೆ ತಂಬೂರಿ ತಯಾರಕರ ಊರಾದ ಮಿರಜಿನಲ್ಲಿ ನೆಲೆಸಿದ ಖಾನ್ ಸಾಹೇಬರ ತೆಳುವಾದ, ಎಳೆದ ತಂತಿಯಂಥ ದನಿ ಆ ತಟ್ಟೆಯಲ್ಲಿ ಹಿಡಿದಿಟ್ಟಿರುವುದು ಮೂರು ನಿಮಿಷದಷ್ಟನ್ನು ಮಾತ್ರ, ಏಕೆಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಬದಿಗೆ ಅದಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಖಮಾಜ್ ಥಾಟಿಗೆ ಸೇರಿದ ಝಿಂಝೋಟಿ ದುಃಖದ ರಾಗವೆಂದು ಹೆಸರಾದದ್ದಲ್ಲ. ಅದರ ಸ್ವಭಾವ ಸರಳ, ಮಧುರ. ನೋವಿನ ಮಾತನ್ನು ಅಳುಬುರುಕ ರಾಗದಲ್ಲಿ ಇಡದೆ ಇಂಥ ಸೌಮ್ಯ ರಾಗದಲ್ಲಿ ಇಟ್ಟಿರುವುದರಿಂದಲೇ ಆ ಹಾಡು ಕೇಳುಗರನ್ನು ತಳಕ್ಕೆ ಎಳೆಯುವುದಿಲ್ಲವೆಂದು ತೋರುತ್ತದೆ.

ಠುಮ್ರಿಯಲ್ಲಿ ಬೋಲ್ ಬನಾವ್ ಎಂಬ ಕ್ರಮವೊಂದಿದೆ. ಒಂದೇ ಸಾಲನ್ನು, ಕೆಲವೊಮ್ಮೆ ಒಂದೇ ಪದವನ್ನು, ಸ್ವರಗಳ ಬೇರೆ ಬೇರೆ ಜೋಡಣೆಯಲ್ಲಿ ಮತ್ತೆ ಮತ್ತೆ ಹಾಡುತ್ತ ಪ್ರತಿ ಸಲವೂ ಅದರಿಂದ ಬೇರೆ ಭಾವವನ್ನು, ಒಮ್ಮೆ ದೂರನ್ನು, ಒಮ್ಮೆ ಬೇಡಿಕೆಯನ್ನು, ಒಮ್ಮೆ ಹುಸಿಮುನಿಸನ್ನು ಹೊರಡಿಸುವುದಕ್ಕೆ ಆ ಹೆಸರು. ಪ್ರೇಮದಲ್ಲಿ ಸೋತವರು ಮಾಡುವುದೂ ಇದನ್ನೇ: ಕೊನೆಯ ಭೇಟಿಯಲ್ಲಿ ಆಡಿದ ಒಂದು ಮಾತನ್ನು ಹಿಡಿದು, ಅದನ್ನು ಹೀಗೆ ಹೇಳಿದ್ದರೋ ಹಾಗೆ ಹೇಳಿದ್ದರೋ ಎಂದು ರಾತ್ರಿಯೆಲ್ಲ ತಿರುವಿಹಾಕುತ್ತಾರೆ, ಮರುದಿನ ಗೆಳೆಯರೆದುರು ಅದನ್ನೇ ಮತ್ತೆ ಹೇಳುತ್ತಾರೆ, ಎಷ್ಟೇ ಒಳ್ಳೆಯ ಗೆಳೆಯರಾದರೂ ನಾಲ್ಕನೆಯ ಸಲಕ್ಕೆ ಗಡಿಯಾರ ನೋಡಿಕೊಳ್ಳುತ್ತಾರೆ. ಆಪ್ತರು ಬೇಸತ್ತ ಪುನರುಕ್ತಿಯೇ ಠುಮ್ರಿಯಲ್ಲಿ ಕಲೆಯ ಕ್ರಮವಾಗಿ ಮನ್ನಣೆ ಪಡೆದಿರುವುದು ನೊಂದವರಿಗೆ ಸಣ್ಣ ಉಪಕಾರವಲ್ಲ. ಜೊತೆಗೆ, ಸಂಪ್ರದಾಯದಂತೆ ಠುಮ್ರಿ ಮಾತಾಡುವುದು ಹೆಣ್ಣಿನ ದನಿಯಲ್ಲಿ. ಮೀಸೆ ಹೊತ್ತ ಉಸ್ತಾದರೂ ಸಖಿಯನ್ನು ಕರೆದೇ ಹಾಡಬೇಕು. ನಾಲ್ವರೆದುರು ಅಳುವುದು ಗಂಡಸಿಗೆ ತರವಲ್ಲವೆಂದು ಬಗೆಯುವ ಸಮಾಜದಲ್ಲಿ ಗಂಡಸರಿಗೆ ಇಂಥದೊಂದು ಮರೆ ಎಷ್ಟು ಅಗತ್ಯವಾಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖಾನ್ ಸಾಹೇಬರ ಬದುಕಿನಲ್ಲೂ ಮುರಿದ ಪ್ರೇಮವೊಂದಿದೆ. ಬರೋಡದ ಆಸ್ಥಾನದಲ್ಲಿದ್ದಾಗ ಅಲ್ಲಿಯ ಸರದಾರ ಮನೆತನದ ತಾರಾಬಾಯಿ ಮಾನೆಯವರನ್ನು ಪ್ರೀತಿಸಿ, ಧರ್ಮ ಬೇರೆಯಾದ್ದರಿಂದ ಇಬ್ಬರೂ ಊರು ಬಿಟ್ಟು ಹೋಗಿ ಸಂಸಾರ ಹೂಡಿದರು. ಐವರು ಮಕ್ಕಳಾದ ಮೇಲೆ, 1922ರ ಹೊತ್ತಿಗೆ, ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಅವರಿಂದ ಬೇರೆಯಾದರು. ಆ ಅಗಲಿಕೆಯ ನಂತರವೇ ಖಾನ್ ಸಾಹೇಬರ ಗಾಯನದಲ್ಲಿ ಆ ಆರ್ತತೆ ಮೂಡಿತೆಂದು ಸಂಗೀತಪ್ರಿಯರು ಹೇಳುವುದು ವಾಡಿಕೆ. ಕೇಳಲು ಹಿತವಾದ ಮಾತು. ಆದರೆ ನೋವುಂಡ ಪ್ರತಿಯೊಬ್ಬರೂ ಹಾಗೆ ಹಾಡುವುದಾದರೆ ಊರಿಗೆ ನೂರು ಮಂದಿ ಅಬ್ದುಲ್ ಕರೀಂ ಖಾನರು ಇರಬೇಕಿತ್ತು. ಸ್ವರವನ್ನು ಕೂದಲೆಳೆಯಷ್ಟೂ ಅತ್ತಿತ್ತ ಸರಿಯಗೊಡದೆ ನಿಲ್ಲಿಸುವ ಆ ಕಿರಾನಾ ಕ್ರಮ ದಶಕಗಳ ಸಾಧನೆಯಿಂದ ಬಂದದ್ದು. ಹೆಂಡತಿ ಮನೆ ಬಿಟ್ಟು ಹೋದ ಮಾತ್ರಕ್ಕೆ ಯಾರಿಗೂ ಅದು ಸಿದ್ಧಿಸುವುದಿಲ್ಲ. ಕಲಾವಿದರ ಖಾಸಗಿ ದುಃಖವನ್ನು ಕಲೆಯ ಕಾರಣವೆಂದು ತೋರಿಸುವ ಈ ಚಟ ಕೇಳುಗರ ದುಃಖವನ್ನು ಅರಿಯಲೂ ನೆರವಾಗುವುದಿಲ್ಲ.

ಅದಕ್ಕೆ ಸಾಕ್ಷಿಯಾಗಿ ಅದೇ ತಟ್ಟೆಯ ಇನ್ನೊಬ್ಬ ಕೇಳುಗನನ್ನು ಹೆಸರಿಸಬಹುದು. ರೋಣದಲ್ಲಿ 1922ರಲ್ಲಿ ಹುಟ್ಟಿ ಗದುಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಈ ಠುಮ್ರಿಯನ್ನು ಕೇಳಿ, ಹಾಗೆ ಹಾಡುವುದನ್ನು ಕಲಿಯಲೇಬೇಕೆಂಬ ಹಟ ಹಿಡಿದು, 1933ರಲ್ಲಿ ಗುರುವನ್ನು ಅರಸುತ್ತ ಮನೆಬಿಟ್ಟರೆಂಬುದು ಪ್ರಸಿದ್ಧ ಸಂಗತಿ. ಹನ್ನೊಂದು ವರ್ಷದ ಆ ಬಾಲಕನಿಗೆ ವಿರಹದ ಅನುಭವವೂ ಇರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಅಭಿನವಗುಪ್ತನೇ ಮೊದಲಾದ ರಸಮೀಮಾಂಸಕರು ಸಾಧಾರಣೀಕರಣವೆಂದು ಕರೆದದ್ದು ಇದನ್ನೇ: ಕಲೆಯಲ್ಲಿ ಭಾವವು ಇಂಥವರದು, ಇಂಥ ಊರಿನದು, ಇಂಥ ದಿನದ್ದು ಎಂಬ ಗುರುತುಗಳನ್ನು ಕಳಚಿಕೊಂಡು ಯಾರದೂ ಅಲ್ಲದ, ಆದ್ದರಿಂದಲೇ ಎಲ್ಲರಿಗೂ ದಕ್ಕುವ ಸ್ಥಿತಿಗೆ ಬರುತ್ತದೆ. ತನ್ನ ದುಃಖ ತನ್ನೊಬ್ಬನದು ಎಂಬುದೇ ದುಃಖದ ಮುಕ್ಕಾಲು ಪಾಲಾಗಿರುವ ವ್ಯಕ್ತಿಗೆ ಈ ಗುರುತು ಕಳಚುವ ಕೆಲಸ ಎಷ್ಟು ಬೇಕಾದದ್ದೆಂದು ಊಹಿಸಬಹುದು. ಇದೇ ಠುಮ್ರಿಯನ್ನು ಕೆ. ಎಲ್. ಸೈಗಲ್ ಅವರು 1935ರ ಹಿಂದಿ ‘ದೇವದಾಸ್’ ಚಿತ್ರದಲ್ಲಿ ಹಾಡಿದಾಗ ಆದದ್ದೂ ಕುತೂಹಲಕರ: ಕಾಯುವ ಹೆಣ್ಣಿಗೆಂದು ಕಟ್ಟಿದ ಸಾಪೇಕ್ಷ ವಿರಹದ ಹಾಡು, ಪ್ರೀತಿಸಿದವಳು ಬೇರೆ ಮನೆ ಸೇರಿದ ಮೇಲೆ ಕಾಯಲು ಏನೂ ಉಳಿಯದ ಗಂಡಸಿನ ಕಥೆಯೊಳಕ್ಕೆ ಬಂದು ಸೇರಿತು, ಮತ್ತು ಯಾರಿಗೂ ಅದು ಅಲ್ಲಿ ಅಸಂಗತವೆನ್ನಿಸಲಿಲ್ಲ. ಒಂಬತ್ತನೆಯ ನಾಯಿಕೆಯ ಜಾಗಕ್ಕೆ ಸಿನಿಮಾ ಒಬ್ಬ ನಾಯಕನನ್ನು ತಂದು ಕೂರಿಸಿತೆನ್ನಬಹುದು.

ಠುಮ್ರಿಯಲ್ಲಾದರೂ ಕಾಯುವಿಕೆಯನ್ನು ಮಾತು ಹೇಳುತ್ತದೆ. ಹಿಂದೂಸ್ತಾನಿ ಗಾಯನದ ಇನ್ನೊಂದು ಪ್ರಕಾರವಾದ ಖಯಾಲ್‌ನಲ್ಲಿ ಅದನ್ನು ಕಾಲವೇ ಹೇಳುತ್ತದೆ. ವಿಲಂಬಿತ, ಅಂದರೆ ಅತಿ ನಿಧಾನದ ಗತಿಯಲ್ಲಿ 12 ಮಾತ್ರೆಗಳ ಏಕತಾಳವನ್ನು ಹಿಡಿದಾಗ ಒಂದೊಂದು ಮಾತ್ರೆಯನ್ನು ನಾಲ್ಕಾಗಿ ಬಿಡಿಸಿ ಎಳೆಯುವುದರಿಂದ ತಾಳದ ಒಂದು ಸುತ್ತು, ಅಂದರೆ ಒಂದು ಆವರ್ತನ, ಮುಗಿಯಲು ಸುಮಾರು ಒಂದು ನಿಮಿಷವೇ ಹಿಡಿಯಬಹುದು. ಆ ನಿಮಿಷದಲ್ಲಿ ಗಾಯಕರು ತಾಳವನ್ನೇ ಮರೆತವರಂತೆ ಸ್ವರದಿಂದ ಸ್ವರಕ್ಕೆ ಅಲೆಯುತ್ತ ಹೋಗುತ್ತಾರೆ; ಕೊನೆಯ ಎರಡು ಮೂರು ಮಾತ್ರೆಗಳಿರುವಾಗ ಬಂದಿಶ್‌ನ ಮುಖಡಾ, ಅಂದರೆ ಮೊದಲ ಸಾಲಿನ ಆರಂಭದ ತುಣುಕನ್ನು, ಎತ್ತಿಕೊಂಡು ಮೊದಲ ಮಾತ್ರೆಯಾದ ಸಮಕ್ಕೆ ಸರಿಯಾಗಿ ಬಂದು ಇಳಿಯುತ್ತಾರೆ. ಸಭೆಯ ತಲೆಗಳೆಲ್ಲ ಒಟ್ಟಿಗೆ ತೂಗುವುದು ಆ ಕ್ಷಣದಲ್ಲಿ. ಅಲ್ಲಿ ಹೊಸದೇನೂ ಘಟಿಸಿರುವುದಿಲ್ಲ, ಬರಬೇಕಾದದ್ದು ಬಂದಿರುತ್ತದೆ, ಅಷ್ಟೆ. ಆದರೆ ಬರಬೇಕಾದದ್ದು ಬರಲಿಲ್ಲವೆಂಬುದೇ ಯಾರ ದುಃಖವೋ ಅವರಿಗೆ, ಗಂಟೆಯೊಂದರಲ್ಲಿ ಐವತ್ತು ಅರವತ್ತು ಸಲ ಅದು ತಪ್ಪದೆ ಬಂದು ತಲಪುವುದನ್ನು ಮೈಯಲ್ಲೇ ಅನುಭವಿಸುವುದೆಂದರೆ ಯಾವ ಬುದ್ಧಿಮಾತಿಗೂ ಸಾಧ್ಯವಾಗದ ಚಿಕಿತ್ಸೆ.

ಮಾರ್ವಾ ರಾಗ ಇದನ್ನೇ ಇನ್ನೊಂದು ದಾರಿಯಿಂದ, ಹೆಚ್ಚು ನಿಷ್ಠುರವಾಗಿ ಮಾಡುತ್ತದೆ. ಸೂರ್ಯ ಮುಳುಗುವ ಹೊತ್ತಿನ ಈ ರಾಗದಲ್ಲಿ ಪಂಚಮ ವರ್ಜ್ಯ, ಅಂದರೆ ಆ ಸ್ವರಕ್ಕೆ ಪ್ರವೇಶವಿಲ್ಲ. ಎಲ್ಲ ರಾಗಗಳಿಗೂ ಮನೆಯಂತಿರುವ ಷಡ್ಜವನ್ನು ಕೂಡ ಇಲ್ಲಿ ಆದಷ್ಟು ಮುಟ್ಟದೆ ದೂರವಿಡುತ್ತಾರೆ. ಹಿಂದೆ ಕೂತ ತಂಬೂರಿ ಷಡ್ಜವನ್ನು ಬಿಡದೆ ನುಡಿಸುತ್ತಿರುತ್ತದೆ, ಮುಂದೆ ಕೂತ ಗಾಯಕರು ಕೋಮಲ ರಿಷಭಕ್ಕೂ ನಿಷಾದಕ್ಕೂ ಓಡಾಡುತ್ತ ಅದರ ಎರಡೂ ಮಗ್ಗುಲಲ್ಲಿ ಸುಳಿಯುತ್ತಾರೆ, ಒಳಗೆ ಹೋಗುವುದಿಲ್ಲ. ಉಸ್ತಾದ್ ಅಮೀರ್ ಖಾನರ (1912–1974) ಮಾರ್ವಾ ಧ್ವನಿಮುದ್ರಿಕೆಯನ್ನು ಕೇಳಿದವರಿಗೆ ಈ ತಡೆಹಿಡಿಯುವಿಕೆಯ ಬಲ ಗೊತ್ತು. ಬಹಳ ಹೊತ್ತಿನ ಮೇಲೆ ಷಡ್ಜ ಬಂದಾಗ ಅದು ಮೊದಲ ಸಲ ಕೇಳಿದ ಸ್ವರದಂತೆ ಕೇಳುತ್ತದೆ. ಪ್ರೇಮ ಕಳೆದುಕೊಂಡವರಿಗೆ ಸಂಜೆಯ ಹೊತ್ತು ಎಲ್ಲಕ್ಕಿಂತ ಕಷ್ಟದ್ದಾಗಿರುವುದರಿಂದ ಅದೇ ಹೊತ್ತಿನ ಈ ರಾಗವನ್ನು ಅವರಿಗೆ ಶಿಫಾರಸು ಮಾಡಬೇಕೋ ಬಾರದೋ ಎಂಬುದು ತೀರ್ಮಾನವಾಗದ ಪ್ರಶ್ನೆ. ಮೊದಲ ವಾರಗಳಲ್ಲಿ ಬೇಡ, ಆಮೇಲೆ ಬೇಕೇ ಬೇಕು ಎನ್ನುವುದು ಬಹುಶಃ ನಡುಮಾರ್ಗ.

ನರವಿಜ್ಞಾನವೂ ಈ ಕಡೆಗೆ ಬೆರಳು ತೋರಿಸುತ್ತದೆ, ತೋರಿಸಲು ಸಾಧ್ಯವಾದಷ್ಟು. ಅಮೆರಿಕದ ಹೆಲೆನ್ ಫಿಶರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೇಮ ನಿರಾಕರಣೆಗೆ ಒಳಗಾಗಿದ್ದ 15 ಮಂದಿಗೆ ಬಿಟ್ಟುಹೋದವರ ಭಾವಚಿತ್ರ ತೋರಿಸಿ ಮೆದುಳನ್ನು ಪರೀಕ್ಷಿಸಿದಾಗ, ಚಟಕ್ಕೂ ಪ್ರತಿಫಲದ ಹಂಬಲಕ್ಕೂ ಸಂಬಂಧಿಸಿದ ಭಾಗಗಳು ಚುರುಕಾಗಿರುವುದು ಕಂಡಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಲೊರಿ ಸಲಿಂಪೂರ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದ್ದೇನೆಂದರೆ, ಮೆಚ್ಚಿನ ಸಂಗೀತ ಕೇಳುವಾಗ ಮೈ ಜುಮ್ಮೆನ್ನುವ ಕ್ಷಣದಲ್ಲಿ ಮಾತ್ರವಲ್ಲ, ಆ ಕ್ಷಣ ಬರಲಿದೆಯೆಂದು ಕಾಯುವಾಗಲೂ ಮೆದುಳಿನಲ್ಲಿ, ಆದರೆ ಬೇರೊಂದು ಜಾಗದಲ್ಲಿ, ಡೋಪಮೈನ್ ಎಂಬ ರಾಸಾಯನಿಕ ಸ್ರವಿಸುತ್ತದೆ. ಪರೀಕ್ಷೆಗೆ ಒಳಗಾದವರು ಕೆಲವೇ ಮಂದಿಯಾದ್ದರಿಂದ ಇವೆರಡನ್ನೂ ಜೋಡಿಸಿ ದೊಡ್ಡ ಸಿದ್ಧಾಂತ ಕಟ್ಟುವುದು ಅವಸರವಾದೀತು. ಹಂಬಲವೂ ಸಂಗೀತವೂ ಮೆದುಳಿನ ಒಂದೇ ಕೇರಿಯಲ್ಲಿ ಓಡಾಡುತ್ತವೆ ಎನ್ನುವಷ್ಟಕ್ಕೆ ಅಡ್ಡಿಯಿಲ್ಲ.

ಆದರೆ ಎಲ್ಲ ಸಂಗೀತವೂ ಈ ಕೆಲಸಕ್ಕೆ ಒಂದೇ ರೀತಿ ಒದಗುವುದಿಲ್ಲ, ಕೆಲವು ಹಾಡುಗಳಂತೂ ತಿರುಗಿ ಕಚ್ಚುತ್ತವೆ. ಕನ್ನಡಿಗರ ಪ್ರೇಮಗಳಿಗೆ ಹಿನ್ನೆಲೆಯಾಗಿ ಇದ್ದದ್ದು ಬಹುಪಾಲು ಸಿನಿಮಾ ಹಾಡು ಮತ್ತು ಭಾವಗೀತೆ. ಪ್ರೀತಿಸಿದವಳನ್ನು ಮದುವೆಯಾಗಲಾಗದೆ, ಮದುವೆಯಾದವಳನ್ನು ಪ್ರೀತಿಸಲಾಗದೆ ತೊಳಲುವ ನಾಯಕನ ‘ಎರಡು ಕನಸು’ (1974) ಚಿತ್ರಕ್ಕೆ ರಾಜನ್-ನಾಗೇಂದ್ರ ಸಂಯೋಜಿಸಿದ ಹಾಡುಗಳಾಗಲಿ, ಪ್ರೀತಿಯನ್ನು ಬಿಟ್ಟುಕೊಟ್ಟು ನಡೆಯುವ ಹುಡುಗನ ‘ಮುಂಗಾರು ಮಳೆ’ (2006) ಚಿತ್ರಕ್ಕೆ ಮನೋಮೂರ್ತಿ ಸಂಯೋಜಿಸಿದ ಹಾಡುಗಳಾಗಲಿ, ಒಂದೊಂದು ತಲೆಮಾರಿನ ಖಾಸಗಿ ನೆನಪಿನೊಳಗೆ ಹೊಕ್ಕು ಕುಳಿತಿವೆ. ಇಂಥ ಹಾಡು ಪ್ರತಿ ಸಲವೂ ಅದೇ ಪೀಠಿಕಾ ಸಂಗೀತ, ಅದೇ ದನಿ, ಅದೇ ನಿಲುಗಡೆಗಳೊಂದಿಗೆ, ಕೂದಲೂ ಕೊಂಕದೆ ಬರುವುದರಿಂದ, ಯಾರ ಜೊತೆ ಅದನ್ನು ಕೇಳಲಾಗಿತ್ತೋ ಅವರನ್ನೂ ಅದು ಹಾಗೆಯೇ, ಅದೇ ಬಸ್ಸು, ಅದೇ ಕಿಟಕಿ, ಅದೇ ಮಳೆಯ ಸಮೇತ ಕರೆತರುತ್ತದೆ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ (1942) ಇದಕ್ಕಿಂತಲೂ ಕಠಿಣ. ಅದು ಮುಖ್ಯವಾಗಿ ಕೂಡಿ ಬಾಳುವ ದಂಪತಿಯ ಸುಖದ ಕಾವ್ಯವಾದ್ದರಿಂದ, ಮೈಸೂರು ಅನಂತಸ್ವಾಮಿಯವರೂ ಸಿ. ಅಶ್ವತ್ಥ್ ಅವರೂ ಅದಕ್ಕೆ ಹಾಕಿದ ಧಾಟಿಗಳು, ಅಂಥ ಬಾಳು ಕೈಗೆ ಬಂದು ತಪ್ಪಿದವರ ಕಿವಿಗೆ, ಯಾವ ಶೋಕಗೀತೆಗಿಂತಲೂ ಹರಿತವಾಗಿ ತಾಗುತ್ತವೆ.

ರಾಗಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಯಮನ್ ಆಗಲಿ ಬಾಗೇಶ್ರೀಯಾಗಲಿ ಹೀಗೇ ಇರಬೇಕೆಂದು ಅಚ್ಚಾದ ಒಂದು ರೂಪವಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಯಮನ್ ಗಂಗೂಬಾಯಿ ಹಾನಗಲ್ಲರ ಯಮನ್ ಅಲ್ಲ, ಅವರದೇ ನಿನ್ನೆಯ ಯಮನ್ ಇಂದಿನದಲ್ಲ. ಹೀಗೆ ಸದಾ ಹೊಸದಾಗಿ ಬರುವುದಕ್ಕೆ ಹಳೆಯ ನೆನಪು ಗಟ್ಟಿಯಾಗಿ ಅಂಟಿಕೊಳ್ಳಲಾರದು. ಹಾಡನ್ನು ಒಬ್ಬರಿಗೆ ಕೊಟ್ಟುಬಿಟ್ಟು ಆಮೇಲೆ ಅದನ್ನು ಕಳೆದುಕೊಂಡವರು ಬಹಳ ಮಂದಿ. ರಾಗವನ್ನು ಹಾಗೆ ಕಳೆದುಕೊಂಡವರು ವಿರಳ. ಹಾಗೆಂದು ಶಾಸ್ತ್ರೀಯ ಸಂಗೀತವೇ ಮದ್ದು, ಸಿನಿಮಾ ಹಾಡು ಅಪಥ್ಯ ಎಂದು ವಿಧಿಸಿದರೆ ಅದು ಬರೀ ಜಂಭವಾಗುತ್ತದೆ. ಅಪಾಯವಿರುವುದು ಪ್ರಕಾರದಲ್ಲಲ್ಲ, ಕೇಳುವ ಕ್ರಮದಲ್ಲಿ. ಆಕಾಶವಾಣಿಯ ಕೋರಿಕೆಯ ಕಾರ್ಯಕ್ರಮಕ್ಕೆ ಕಾರ್ಡು ಬರೆದು ಹಾಕಿದವರು ಆ ಹಾಡು ಯಾವ ದಿನ ಬರುತ್ತದೆಂದು ಕಾಯಬೇಕಿತ್ತು, ಬಂದ ಮೇಲೆ ಬೇರೆಯವರ ಕೋರಿಕೆಯ ಹಾಡುಗಳನ್ನೂ ಕೇಳಬೇಕಿತ್ತು. ಬೈಠಕ್ಕಿನಲ್ಲಿ, ಅಂದರೆ ಮನೆಯಂಗಳದ ಚಿಕ್ಕ ಕಛೇರಿಯಲ್ಲಿ, ಪಕ್ಕದವರ ಮೊಣಕೈ ತಾಗಿಸಿಕೊಂಡು ಕೂರಬೇಕಿತ್ತು. ಕೈಯೊಳಗಿನ ಯಂತ್ರ ಬೇಕೆಂದ ಚಣವೇ, ಬೇಕಾದಷ್ಟು ಸಲ, ಅದೊಂದನ್ನೇ ನುಡಿಸುವುದರಿಂದ ಕಾಯುವಿಕೆಯೇ ಇಲ್ಲವಾಗುತ್ತದೆ, ಕಾಯುವಿಕೆ ಇಲ್ಲದಿದ್ದಲ್ಲಿ ಬರುವಿಕೆಗೂ ಬೆಲೆಯಿಲ್ಲ. ಉಳಿಯುವುದು ಗಾಯವನ್ನು ಕೆರೆದುಕೊಳ್ಳುವ ಸುಖ ಮಾತ್ರ.

ಮಿರಜಿನ ಕಡೆಗೆ ಮತ್ತೊಮ್ಮೆ ನೋಡಿದರೆ, ತಾರಾಬಾಯಿ ಕರೆದೊಯ್ದ ಮಕ್ಕಳ ಸಂಗತಿ ಒಂದು ಉಳಿದಿದೆ. ತಂದೆಯ ಮನೆ ಬಿಟ್ಟ ಮೇಲೆ ಅವರ ಹೆಸರುಗಳೇ ಬದಲಾದವು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದರು, ಸಕೀನಾ ಸರಸ್ವತಿಯಾಗಿ ಮುಂದೆ ಸರಸ್ವತಿ ರಾಣೆ ಎಂದು ಹೆಸರಾದರು, ಅವರ ಅಕ್ಕ ಹೀರಾಬಾಯಿ ಬಡೋದೇಕರ್ ಎಂದು ಲೋಕಪ್ರಸಿದ್ಧರಾದರು. ಹೆಸರು ಬದಲಾಯಿತೇ ಹೊರತು ಗಾಯನಕ್ರಮ ಬದಲಾಗಲಿಲ್ಲ: ಅದೇ ಕಿರಾನಾ ಘರಾಣೆಯ ಇನ್ನೊಬ್ಬ ಹಿರಿಯರಾದ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಸುರೇಶಬಾಬು ಮತ್ತು ಹೀರಾಬಾಯಿಯವರಿಗೆ ಪಾಠವಾಯಿತು, ಅವರಿಬ್ಬರಿಂದ ಪ್ರಭಾ ಅತ್ರೆಯವರು ಕಲಿತರು. ಇತ್ತ ಖಾನ್ ಸಾಹೇಬರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಬಳಿ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಅಬ್ದುಲ್ ಕರೀಂ ಖಾನರು ಮತ್ತು ತಾರಾಬಾಯಿ ಮತ್ತೆ ಕೂಡಿ ಬಾಳಲಿಲ್ಲ. ಪುಣೆ, ಮುಂಬಯಿ, ಹುಬ್ಬಳ್ಳಿಗಳ ಕಛೇರಿಗಳಿಗೆ ಹೋದವರು ಮಾತ್ರ ಆ ಮನೆಯ ಎರಡೂ ಪಾಲನ್ನು, ಒಂದು ವಾರ ಅದನ್ನು ಇನ್ನೊಂದು ವಾರ ಇದನ್ನು, ಟಿಕೆಟು ಕೊಂಡು ಕೇಳುತ್ತಿದ್ದರು.